ಅಂಬರ್ ಕೊಳ್ಳುವ ಮೊದಲು ಅದರ ಬಣ್ಣ ಮತ್ತು ಮೂಲ ತಿಳಿಯುವುದು ಹೇಗೆ

ಅಂಬರ್ ಅಂದರೆ ಬಹಳ ಹಿಂದಿನ ಮರದ ರಾಳ ಮಣ್ಣಿನಡಿ ಗಟ್ಟಿಯಾದದ್ದು. ಅದರ ಮಣಿ ಕೈಗೆ ಬಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, ಇದು ಅಸಲಿಯೋ ನಕಲಿಯೋ ಅಂತ. ಈ ಒಂದು ಪ್ರಶ್ನೆ ಸಾಲದು. ಅಸಲಿ ಅಂಬರನ್ನೇ ಕಾಯಿಸಿ ಬಣ್ಣ ಬದಲಿಸಿರಬಹುದು, ಅಸಲಿ ಅಂಬರಿನ ಚೂರುಗಳನ್ನೇ ಒತ್ತಿ ದೊಡ್ಡ ಮಣಿ ಮಾಡಿರಬಹುದು, ಇಂಡೋನೇಷ್ಯಾದ ತುಂಡಿಗೆ ಡೊಮಿನಿಕನ್ ಗಣರಾಜ್ಯದ್ದು ಅಂತ ಚೀಟಿ ಅಂಟಿಸಿರಬಹುದು. ಮೂರರಲ್ಲೂ ವಸ್ತು ಅಸಲಿಯೇ. ಆದರೆ ನಿಮಗೆ ಹೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಹಾಗಾಗಿ ನಾನು ಹೇಳುವ ಕ್ರಮ ಬೇರೆ. ಮೊದಲು ಬಣ್ಣ ನೋಡಿ. ಆ ಬಣ್ಣ ತುಂಡಿನ ಒಳಗೆಲ್ಲಾ ಇದೆಯೋ ಮೇಲೆ ಮಾತ್ರ ಇದೆಯೋ ಅಂತ ಹುಡುಕಿ. ಆಮೇಲೆ ಇದು ನಿಜವಾಗಿ ಹಳೆಯ ರಾಳವೇ ಅಂತ ಪರೀಕ್ಷೆ ಮಾಡಿ. ಊರಿನ ವಿಷಯ ಕೊನೆಗೆ. ಬರೀ ಬಣ್ಣ ನೋಡಿ ಊರು ಹೇಳುವವರನ್ನು ನಂಬಬೇಡಿ, ಯಾಕೆಂದರೆ ಜೇನಿನ ಬಣ್ಣದ ಅಂಬರ್ ಹೆಚ್ಚುಕಡಿಮೆ ಎಲ್ಲ ದೇಶದಲ್ಲೂ ಸಿಗುತ್ತದೆ.

ಅಂಬರ್ ಅಂದರೆ ಏನು, ಕೋಪಾಲ್ ಅಂದರೆ ಏನು

ಮರದ ತೊಗಟೆಗೆ ಗಾಯವಾದಾಗ ಕೆಲವು ಜಾತಿಯ ಮರಗಳು ಅಂಟಾದ ರಾಳ ಸುರಿಸುತ್ತವೆ. ಇದು ಬೇರಿನಿಂದ ಎಲೆಗೆ ಹೋಗುವ ನೀರಿನಂಥ ರಸ ಅಲ್ಲ. ಗಾಯ ಮುಚ್ಚಲಿಕ್ಕೆ, ಹುಳು ಮತ್ತು ಶಿಲೀಂಧ್ರ ತಡೆಯಲಿಕ್ಕೆ ಮರ ತಾನೇ ಮಾಡಿಕೊಳ್ಳುವ ವಸ್ತು. ರಾಳ ಮಣ್ಣಿನಡಿ ಸೇರಿದ ಮೇಲೆ ಅದರಲ್ಲಿನ ಆವಿಯಾಗುವ ಎಣ್ಣೆಗಳು ನಿಧಾನವಾಗಿ ಹೊರಟುಹೋಗುತ್ತವೆ. ಉಳಿದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಈ ಕೆಲಸಕ್ಕೆ ಲಕ್ಷಾಂತರ, ಕೋಟ್ಯಂತರ ವರ್ಷ ಹಿಡಿಯುತ್ತದೆ. ಕೆಲಸ ಮುಗಿದಿದ್ದರೆ ಅಂಬರ್, ಅರ್ಧಕ್ಕೇ ನಿಂತಿದ್ದರೆ ಕೋಪಾಲ್.

ಕೊಲಂಬಿಯಾ, ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕಾದಿಂದ ಬರುವ ಕೋಪಾಲ್ ನೋಡಲು ತುಂಬಾ ಚೆನ್ನಾಗಿರುತ್ತದೆ. ತಿಳಿ ಹಳದಿ, ಒಳಗೆ ಬೇಕಾದಷ್ಟು ಹುಳು. ಆದರೆ ವಯಸ್ಸಿನಲ್ಲಿ ಅದು ಅಂಬರಿನ ಹತ್ತಿರಕ್ಕೂ ಬರುವುದಿಲ್ಲ, ಮತ್ತು ಕೆಲವು ವರ್ಷ ಇಟ್ಟರೆ ಮೇಲ್ಮೈಯಲ್ಲಿ ಬಲೆಯಂತೆ ಸಣ್ಣ ಬಿರುಕು ಬಿಡುತ್ತದೆ. ಕೋಪಾಲನ್ನು ಕೋಪಾಲ್ ಅಂತ ಹೇಳಿ ಮಾರಿದರೆ ಯಾವ ತಕರಾರೂ ಇಲ್ಲ, ನಿಜಕ್ಕೂ ಸುಂದರವಾದ ವಸ್ತು ಅದು. ಅಂಬರ್ ಅಂತ ಮಾರಿದರೆ ಮೋಸ.

ಬಣ್ಣ ನೋಡುವುದು

ಹಗಲು ಬೆಳಕಿನಲ್ಲಿ ನೋಡಿ. ಕೈಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಇರಲಿ. ಮೊದಲು ಬಿಳಿ ಕಾಗದದ ಮೇಲೆ ಇಟ್ಟು ನೋಡಿ, ಆಮೇಲೆ ಕಪ್ಪು ಬಟ್ಟೆಯ ಮೇಲೆ. ಈ ಎರಡು ನೋಟದಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಹಳದಿಯಿಂದ ಕಂದು ಜೇನಿನವರೆಗಿನ ಬಣ್ಣ ಅತಿ ಸಾಮಾನ್ಯ. ಇದಕ್ಕೆ ವಿಶೇಷ ಅನುಮಾನ ಬೇಡ. ಅಂಬರ್ ಗಾಳಿಗೂ ಬೆಳಕಿಗೂ ಸಿಕ್ಕಿದಂತೆ ಕಪ್ಪಾಗುತ್ತಾ ಹೋಗುತ್ತದೆ, ಅಂದರೆ ಹಳೆಯ ಸರದ ಕಂದು ಬಣ್ಣ ಒಂದು ಕಾಲಕ್ಕೆ ಹಳದಿಯಾಗಿದ್ದಿರಬಹುದು.

ಬಿಳಿ ಮತ್ತು ಬೆಣ್ಣೆಯ ಬಣ್ಣದ ಅಂಬರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಇದರಲ್ಲಿ ಬಿಳಿ ಅನ್ನುವ ಬಣ್ಣದ ಪದಾರ್ಥವೇ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಒಳಗೆ ತುಂಬಿಕೊಂಡು ಬೆಳಕನ್ನು ಎಲ್ಲ ಕಡೆ ಚೆದುರಿಸುತ್ತವೆ, ಅದಕ್ಕೇ ಬಿಳಿಯಾಗಿ ಕಾಣುತ್ತದೆ, ನೊರೆಹಾಲು ಬೆಳ್ಳಗೆ ಕಾಣುವ ಹಾಗೆ. ತೀರಾ ಬಿಳಿಯ ತುಂಡಿನಲ್ಲಿ ಒಂದು ಘನ ಮಿಲಿಮೀಟರ್ ಜಾಗದಲ್ಲಿ 9 ಲಕ್ಷದವರೆಗೆ ಗುಳ್ಳೆ ಇರುತ್ತವೆ. ಗುಳ್ಳೆ ಕಡಿಮೆಯಾಗಿ, ಗಾತ್ರ ದೊಡ್ಡದಾದಂತೆ ಬಿಳಿ ಹೋಗಿ ಮಬ್ಬು ಹಳದಿ, ಆಮೇಲೆ ಪಾರದರ್ಶಕ. ಸಹಜವಾದ ಬಿಳಿ ಒಂದೇ ಸಮ ಇರುವುದಿಲ್ಲ. ಸುಳಿ, ಮೋಡ, ಗೆರೆ ಇರುತ್ತವೆ, ಒಂದು ಅಂಚಿನಲ್ಲಿ ಹಳದಿ ಇಣುಕುತ್ತದೆ. ಸರದ ಮಣಿಗಳೆಲ್ಲ ಒಂದೇ ಅಚ್ಚಿನಿಂದ ಬಂದಂತೆ ಒಂದೇ ಬಿಳುಪು ಇದ್ದರೆ ಅದು ಒತ್ತಿ ಮಾಡಿದ್ದು, ಇಲ್ಲವೇ ಪ್ಲಾಸ್ಟಿಕ್ ಅಂತ ಅನುಮಾನ ಪಡಿ.

ಈ ಗುಳ್ಳೆಗಳ ವಿಷಯ ತಿಳಿದರೆ ಕಾಯಿಸುವುದು ಯಾಕೆ ಅಂತಲೂ ತಿಳಿಯುತ್ತದೆ. ಮಬ್ಬು ಅಂಬರನ್ನು ನಿಧಾನವಾಗಿ ಕಾಯಿಸಿದರೆ ಗುಳ್ಳೆಗಳು ಮುಚ್ಚಿಕೊಂಡು ತುಂಡು ತಿಳಿಯಾಗುತ್ತದೆ. ಇದು ಹೊಸ ಉಪಾಯ ಅಲ್ಲ. ರೋಮನ್ ಲೇಖಕ ಪ್ಲಿನಿ ಹಂದಿಮರಿಯ ಕೊಬ್ಬಿನಲ್ಲಿ ಅಂಬರ್ ಕುದಿಸುವ ಬಗ್ಗೆ ಸುಮಾರು 2000 ವರ್ಷದ ಹಿಂದೆಯೇ ಬರೆದಿದ್ದಾನೆ. ಆಮೇಲಿನ ಕಾಲದಲ್ಲಿ ಎಣ್ಣೆಯಲ್ಲಿ ಕಾಯಿಸಿದರು. ಈಗ ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆ ಇದೆ. ಕಾಯಿಸಿದ್ದಕ್ಕೆ ಒಂದು ಗುರುತು ಇದೆ. ಒಳಗೆ ಬಿಲ್ಲೆಯಂತೆ, ಮೀನಿನ ಹುರುಪೆಯಂತೆ ಹೊಳೆಯುವ ದುಂಡನೆಯ ಬಿರುಕುಗಳು. ಬಿಸಿಗೆ ಗುಳ್ಳೆಗಳು ಒಡೆದು ಹೀಗಾಗುತ್ತದೆ. ಅಂಗಡಿಯವರು ಇದನ್ನು ಅಂಬರಿನ ಸಹಜ ಸೊಬಗು ಅಂತ ತೋರಿಸುತ್ತಾರೆ. ಸೊಬಗು ಹೌದು, ಆದರೆ ಸಹಜವಾಗಿ ಬರುವುದು ಬಹಳ ಅಪರೂಪ. ಜೇಬಿನಲ್ಲಿಡುವ ಲೆನ್ಸಿನಲ್ಲೇ ಚೆನ್ನಾಗಿ ಕಾಣುವ ಗುರುತು ಇದು, ಮೊದಲು ಇದನ್ನೇ ಹುಡುಕಿ.

ಕಡು ಕೆಂಪು, ಚೆರ್ರಿ ಹಣ್ಣಿನ ಬಣ್ಣ. ಬಾಲ್ಟಿಕ್, ಅಂದರೆ ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರದ ಸುತ್ತಲಿನದು, ಅಂತ ಮಾರುವ ಇಂಥ ಮಣಿಗಳಲ್ಲಿ ಹೆಚ್ಚಿನವು ಗಾಳಿಯಲ್ಲಿ ಕಾಯಿಸಿ ಮೇಲ್ಪದರವನ್ನು ಕೆಂಪು ಮಾಡಿದವು. ಮಣಿಗೆ ದಾರ ಪೋಣಿಸುವ ತೂತು ನೋಡಿ. ತೂತಿನ ಬಾಯಲ್ಲಿ ಕೆಂಪು ಸಿಪ್ಪೆ, ಒಳಗೋಡೆ ಹಳದಿ ಇದ್ದರೆ ಮಣಿಯನ್ನು ಕಾಯಿಸಿ ಆಮೇಲೆ ತೂತು ಕೊರೆದಿದ್ದಾರೆ ಅಂತ ಅರ್ಥ. ಚಕ್ಕೆ ಎದ್ದ ಜಾಗದಲ್ಲೂ ಇದೇ ಕಾಣುತ್ತದೆ. ಭೂಮಿಯೊಳಗೆ ತಾನಾಗಿ ಕೆಂಪಾದ ಅಂಬರಿನಲ್ಲೂ ಕೆಂಪು ಹೊರಪದರದಲ್ಲೇ ಜಾಸ್ತಿ ಇರುತ್ತದೆ. ಆದರೆ ಅದನ್ನು ಕೊರೆದು ದುಂಡು ಮಾಡುವಾಗ ಆ ಪದರ ಅಲ್ಲಲ್ಲಿ ಹೋಗಿ ಬಣ್ಣ ಏರುಪೇರಾಗುತ್ತದೆ. ಎಲ್ಲ ಕಡೆ ಒಂದೇ ದಪ್ಪದ ಕೆಂಪು ಸಿಪ್ಪೆ ಇದ್ದರೆ ಅದು ಒಲೆಯ ಕೆಲಸ.

ಹಸಿರಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ತುಂಡನ್ನು ತಿರುಗಿಸಿ ಬೆನ್ನು ನೋಡಿ. ಬೆನ್ನು ಕಪ್ಪಾಗಿದ್ದರೆ, ಹಳದಿ ಅಂಬರಿನ ಒಂದು ಮಗ್ಗುಲನ್ನು ಸುಟ್ಟು ಅಥವಾ ಕಪ್ಪು ಬಳಿದು ಮೇಲಿನಿಂದ ಹಸಿರು ಕಾಣುವಂತೆ ಮಾಡಿದ್ದಾರೆ. ಬೆನ್ನು ಮುಚ್ಚಿದ ಉಂಗುರದಲ್ಲಿ ಕೂರಿಸಿದ್ದರೆ ಇದು ಗೊತ್ತೇ ಆಗುವುದಿಲ್ಲ, ಹಾಗಾಗಿ ಬೆನ್ನು ತೆರೆದಿರುವ ಆಭರಣವನ್ನೇ ಕೇಳಿ. ಎಲ್ಲ ಕಡೆಯಿಂದಲೂ ಒಂದೇ ಸಮನಾದ ಎಳೆ ಹಸಿರು ಇದ್ದರೆ ಅದು ಬಹುತೇಕ ಎಳೆಯ ರಾಳ ಅಥವಾ ಕೋಪಾಲ್. ಶಾಖ ಮತ್ತು ಒತ್ತಡದಲ್ಲಿ ಹಲವು ಸುತ್ತು ಬೇಯಿಸಿ ಗಟ್ಟಿ ಮಾಡಿ ಹಸಿರು ಬಣ್ಣ ತರುತ್ತಾರೆ. ಇಂಥ ಸರಕು ಮಾರುಕಟ್ಟೆಗೆ ಬಂದ ಮೇಲೆ 2009ರ ಹೊತ್ತಿಗೆ ರತ್ನದ ಲ್ಯಾಬುಗಳು ಇದನ್ನು ವಿವರವಾಗಿ ಪರೀಕ್ಷಿಸಿ ವರದಿ ಮಾಡಿದವು.

ಇನ್ನು ನೀಲಿ. ನೀಲಿ ಅಂಬರ್ ನಿಜಕ್ಕೂ ಇದೆ, ಮತ್ತು ಅದರ ನೀಲಿ ಒಳಗಿನ ಬಣ್ಣ ಅಲ್ಲ. ಬಿಸಿಲಿನಲ್ಲಿರುವ ಅಲ್ಟ್ರಾವಯೊಲೆಟ್ ಕಿರಣ ಬಿದ್ದಾಗ ರಾಳದಲ್ಲಿರುವ ಕೆಲವು ಹೈಡ್ರೋಕಾರ್ಬನ್ ಅಣುಗಳು ನೀಲಿ ಬೆಳಕು ಹೊರಬಿಡುತ್ತವೆ. ಪರೀಕ್ಷೆ ಸುಲಭ. ತುಂಡನ್ನು ಕಣ್ಣಿಗೂ ದೀಪಕ್ಕೂ ಮಧ್ಯೆ ಹಿಡಿದು ನೋಡಿದರೆ ಹಳದಿ ಅಥವಾ ಕಂದು ಕಾಣಬೇಕು. ಬಿಸಿಲಿನಲ್ಲಿ ಕಪ್ಪು ಬಟ್ಟೆಯ ಮೇಲೆ ಇಟ್ಟರೆ ಮೇಲ್ಮೈಯಲ್ಲಿ ನೀಲಿ ಏಳಬೇಕು. ಬೆಳಕಿಗೆ ಹಿಡಿದಾಗಲೂ ಗಾಜಿನಂತೆ ನೀಲಿಯೇ ಕಂಡರೆ ಅದು ಬಣ್ಣ ಹಾಕಿದ ಪ್ಲಾಸ್ಟಿಕ್ ಅಥವಾ ಗಾಜು. ಮನೆಯ ಎಲ್‌ಇಡಿ ದೀಪದಡಿ ಒಳ್ಳೆಯ ನೀಲಿ ಅಂಬರ್ ಕೂಡ ಸಪ್ಪೆಯಾಗಿ ಕಂದು ಕಾಣುತ್ತದೆ, ಗಾಬರಿ ಬೇಡ.

ಇದು ಹಳೆಯ ರಾಳವೇ ಅಂತ ಪರೀಕ್ಷೆ

ಉಪ್ಪುನೀರಿನಿಂದ ಶುರು ಮಾಡಿ. ನೀರಿನ ಸಾಂದ್ರತೆ 1 ಅಂತ ಇಟ್ಟುಕೊಂಡರೆ ಅಂಬರಿನದು 1.05ರಿಂದ 1.10. ಅಂದರೆ ಸಿಹಿನೀರಿನಲ್ಲಿ ಮೆಲ್ಲಗೆ ಮುಳುಗುತ್ತದೆ, ಉಪ್ಪುನೀರಿನಲ್ಲಿ ತೇಲುತ್ತದೆ. 100 ಮಿಲಿಲೀಟರ್ ನೀರಿಗೆ 20 ಗ್ರಾಂ ಉಪ್ಪು ತೂಗಿ ಹಾಕಿ ಪೂರ್ತಿ ಕರಗಿಸಿ. ಕೈಗೆ ಬಂದಷ್ಟು ಉಪ್ಪು ಸುರಿಯಬೇಡಿ, ಉಪ್ಪು ಕರಗದೆ ಉಳಿಯುವಷ್ಟು ಗಾಢವಾದರೆ ಅಕ್ರಿಲಿಕ್ ಪ್ಲಾಸ್ಟಿಕ್ ಕೂಡ ತೇಲಿಬಿಡುತ್ತದೆ. 20 ಗ್ರಾಂ ಅಳತೆಯಲ್ಲಿ ಅಕ್ರಿಲಿಕ್, ಬೇಕಲೈಟ್, ಸೆಲ್ಯುಲಾಯ್ಡ್, ಗಾಜು ಎಲ್ಲವೂ ಮುಳುಗುತ್ತವೆ. ಲೋಹದ ಕೊಂಡಿ, ಗಂಟು ಹಾಕಿದ ದಾರ ಇರುವ ಸರಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ, ಬಿಡಿ ಮಣಿ ಬೇಕು. ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸಿ. ಮುಳುಗಿದ್ದು ಅಂಬರ್ ಅಲ್ಲ ಅಂತ ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ತೇಲಿದ್ದು ಅಂಬರ್ ಅಂತ ಹೇಳಲಾಗದು, ಯಾಕೆಂದರೆ ಕೋಪಾಲೂ ತೇಲುತ್ತದೆ, ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕೂ ತೇಲುತ್ತದೆ.

ತೇಲಿದ್ದನ್ನು ಅಸಿಟೋನ್ ಪರೀಕ್ಷೆಗೆ ತನ್ನಿ. ಉಗುರು ಬಣ್ಣ ತೆಗೆಯುವ ದ್ರವಗಳಲ್ಲಿ ಹಲವು ಅಸಿಟೋನೇ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಒಂದು ಹನಿ ಇಟ್ಟು, ಆರಿದ ಮೇಲೆ ಬೆರಳು ಒತ್ತಿ. ಕೋಪಾಲ್ ಅಂಟಂಟಾಗಿ ಬೆರಳಿನ ಗುರುತು ಹಿಡಿಯುತ್ತದೆ, ಪಾಲಿಸ್ಟೈರೀನ್ ಕರಗಿ ಒರಟಾಗುತ್ತದೆ, ಗಟ್ಟಿಯಾದ ಅಂಬರ್ ಹಾಗೇ ಇರುತ್ತದೆ. ಸ್ವಂತ ಮಣಿಯ ಮೇಲೆ ಮಾತ್ರ ಮಾಡಿ.

ಬಿಸಿ ಸೂಜಿಯ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ಚುಚ್ಚಿದರೆ ರಾಳದ ವಾಸನೆ ಬರಬೇಕು, ಪ್ಲಾಸ್ಟಿಕ್ ವಾಸನೆ ಬರಬಾರದು ಅಂತ. ನನ್ನ ಅಭಿಪ್ರಾಯದಲ್ಲಿ ಇದು ಬೇಡವೇ ಬೇಡ. ಒಳ್ಳೆಯ ಮಣಿಗೆ ಶಾಶ್ವತ ಗಾಯವಾಗುತ್ತದೆ, ಕೋಪಾಲಿನಿಂದಲೂ ರಾಳದ ವಾಸನೆಯೇ ಬರುತ್ತದೆ. ಬಟ್ಟೆಗೆ ಉಜ್ಜಿ ಕಾಗದದ ಚೂರು ಎಳೆಯುವ ಆಟ ಮಕ್ಕಳಿಗೆ ತೋರಿಸಲು ಚೆಂದ, ಆದರೆ ಪ್ಲಾಸ್ಟಿಕ್ ಬಾಚಣಿಗೆಯೂ ಅದನ್ನೇ ಮಾಡುತ್ತದೆ ಅಲ್ವಾ?

ಯುವಿ (ಅಲ್ಟ್ರಾವಯೊಲೆಟ್) ಟಾರ್ಚ್ ಇಟ್ಟುಕೊಳ್ಳಿ, ತುಂಬಾ ಉಪಯೋಗಕ್ಕೆ ಬರುತ್ತದೆ. ಕತ್ತಲಲ್ಲಿ ಬೆಳಕು ಬಿಟ್ಟರೆ ಬಾಲ್ಟಿಕ್ ಅಂಬರ್ ಬಿಳಿಮಿಶ್ರಿತ ನೀಲಿಯಾಗಿ, ಡೊಮಿನಿಕನ್ ಮತ್ತು ಬರ್ಮಾದ ಅಂಬರ್ ಗಟ್ಟಿ ನೀಲಿಯಾಗಿ ಹೊಳೆಯುತ್ತವೆ. ಹಳೆಯದಾಗಿ ಕಪ್ಪಾದ ಮೇಲ್ಮೈ ಮಂಕಾಗಿರುತ್ತದೆ. ಕೋಪಾಲೂ ಸ್ವಲ್ಪ ಹೊಳೆಯುವುದರಿಂದ ಬರೀ ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಒಂದು ಸರದ ಮಧ್ಯೆ ಯಾವುದೋ ನಾಲ್ಕು ಮಣಿ ಹೊಳೆಯದಿದ್ದರೆ ಮಾತ್ರ ಆ ನಾಲ್ಕನ್ನೂ ತೆಗೆದು ಬೇರೆಯಾಗಿ ಪರೀಕ್ಷಿಸಿ.

ಒತ್ತಿ ಮಾಡಿದ ಅಂಬರನ್ನು ಹಿಡಿಯುವುದು ಕಷ್ಟ, ಯಾಕೆಂದರೆ ಮೇಲಿನ ಪರೀಕ್ಷೆಗಳನ್ನೆಲ್ಲ ಅದು ಪಾಸಾಗುತ್ತದೆ. ಚೂರುಗಳನ್ನು ಬಿಸಿ ಮಾಡಿ ಒತ್ತಿ ದೊಡ್ಡ ಗಟ್ಟಿ ಮಾಡುವ ಈ ಕೆಲಸ 19ನೇ ಶತಮಾನದ ಕೊನೆಯಿಂದ ನಡೆಯುತ್ತಿದೆ. ಲೆನ್ಸಿನಲ್ಲಿ ಎರಡು ಗುರುತು ಹುಡುಕಿ. ಗುಳ್ಳೆಗಳು ದುಂಡಗಿರದೆ ಒಂದೇ ದಿಕ್ಕಿಗೆ ಉದ್ದುದ್ದ ಎಳೆದಂತಿರುತ್ತವೆ. ಚೂರುಗಳ ಅಂಚು ಮೊದಲೇ ಕೆಂಪಾಗಿದ್ದರಿಂದ ಒಳಗೆ ರಕ್ತನಾಳದಂಥ ಕೆಂಪು ಗೆರೆಗಳ ಬಲೆ ಕಾಣಬಹುದು. ಪಾರದರ್ಶಕ ತುಂಡಾದರೆ ಇನ್ನೊಂದು ಉಪಾಯ ಇದೆ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬರೀ ಬಿಳಿ ಬಣ್ಣ ತೆರೆಯಿರಿ. ಪೋಲರೈಸ್ಡ್ ತಂಪು ಕನ್ನಡಕದ ಗಾಜನ್ನು ಕಣ್ಣೆದುರು ಹಿಡಿದು, ಪರದೆ ಕಪ್ಪಾಗುವವರೆಗೆ ಗಾಜನ್ನು ತಿರುಗಿಸಿ. ಈಗ ಅಂಬರನ್ನು ಪರದೆಗೂ ಗಾಜಿಗೂ ಮಧ್ಯೆ ತನ್ನಿ. ಸಹಜ ಅಂಬರಿನಲ್ಲಿ ಬೆಳಕು, ನೆರಳು ಅಗಲವಾದ ಅಲೆಗಳಂತೆ ಹರಿದಿರುತ್ತವೆ. ಒತ್ತಿದ್ದರಲ್ಲಿ ಸಣ್ಣ ಸಣ್ಣ ತೇಪೆ ಹಚ್ಚಿದಂತೆ ಕಾಣುತ್ತದೆ, ಒಂದೊಂದು ಚೂರಿಗೂ ಅದರದ್ದೇ ಬೆಳಕು.

ಒಳಗಿನ ಹುಳು

ಹುಳು ಇದ್ದರೆ ಬೆಲೆ ಏರುತ್ತದೆ, ಮೋಸವೂ ಏರುತ್ತದೆ. ನಿಜವಾದ ಅಂಬರಿನಲ್ಲಿ ಸಿಗುವುದು ಹೆಚ್ಚಾಗಿ ಸಣ್ಣ ನೊಣ, ಗುಂಗಾಡು, ಇರುವೆ, ಜೇಡ. ಕಾಲು ಮಡಚಿ, ರೆಕ್ಕೆ ಸೊಟ್ಟಗಾಗಿ, ತುಂಡಿನ ಯಾವುದೋ ಮೂಲೆಯಲ್ಲಿ ಸಿಕ್ಕಿಬಿದ್ದಿರುತ್ತವೆ. ಬಾಲ್ಟಿಕ್ ಅಂಬರಿನಲ್ಲಿ ಹುಳುವಿನ ಒಂದು ಪಕ್ಕದಲ್ಲಿ ಬೂಸ್ಟು ಹಿಡಿದಂಥ ಬಿಳಿ ಪೊರೆ ಇರುವುದು ಸಾಮಾನ್ಯ, ಅದು ದೋಷ ಅಲ್ಲ, ಒಳ್ಳೆಯ ಗುರುತು. ಓಕ್ ಮರದ ಹೂಮೊಗ್ಗಿನಿಂದ ಉದುರಿದ, ನಕ್ಷತ್ರದಂತೆ ಕವಲೊಡೆದ ಸೂಕ್ಷ್ಮ ಕೂದಲುಗಳು ಕಂಡರೆ ಇನ್ನೂ ಒಳ್ಳೆಯದು. ದೊಡ್ಡ ಚೇಳು ನಟ್ಟನಡುವೆ ಕಾಲು ಚಾಚಿ ಚೊಕ್ಕವಾಗಿ ಕೂತಿದ್ದರೆ ಬಿಟ್ಟುಬಿಡಿ.

ತಿಳಿದವರನ್ನೂ ಇದು ಮೋಸ ಮಾಡಿದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 1922ರಲ್ಲಿ ಕೊಂಡ ಒಂದು ಬಾಲ್ಟಿಕ್ ತುಂಡಿನಲ್ಲಿ ಈಗಿನ ಕಾಲದ ಒಂದು ಜಾತಿಯ ನೊಣ ಇತ್ತು. ಆ ಜಾತಿ ಕೋಟ್ಯಂತರ ವರ್ಷ ಬದಲಾಗದೆ ಉಳಿದಿದೆ ಅನ್ನುವುದಕ್ಕೆ ಅದೇ ಸಾಕ್ಷಿ ಅಂತ ವಿಜ್ಞಾನಿಗಳು ನಂಬಿದ್ದರು. 1993ರಲ್ಲಿ ಪಳೆಯುಳಿಕೆ ವಿಜ್ಞಾನಿ ಆಂಡ್ರ್ಯೂ ರಾಸ್ ಅದನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದಾಗ ದೀಪದ ಬಿಸಿಗೆ ನೊಣದ ಸುತ್ತ ಬಿರುಕು ಕಾಣಿಸಿತು. ಯಾರೋ ಅಸಲಿ ಅಂಬರನ್ನೇ ಎರಡು ಹೋಳು ಮಾಡಿ, ಒಂದರಲ್ಲಿ ಗುಳಿ ತೋಡಿ, ನೊಣ ಇಟ್ಟು ಅಂಟಿಸಿದ್ದರು. ಹಾಗಾಗಿ ಹುಳು ಇರುವ ತುಂಡನ್ನು ಬದಿಯಿಂದ ನೋಡಿ. ಸುತ್ತಲೂ ಒಂದೇ ಮಟ್ಟದಲ್ಲಿ ಹೋಗುವ ತೆಳು ಗೆರೆ ಅಥವಾ ಒಂದೇ ಸಾಲಿನಲ್ಲಿ ನಿಂತ ಚಪ್ಪಟೆ ಗುಳ್ಳೆ ಕಂಡರೆ ಅದು ಅಂಟಿಸಿದ್ದು.

ಈಗ ಊರು

ಬಾಲ್ಟಿಕ್ ಅಂಬರ್ ವಯಸ್ಸು 3.5ರಿಂದ 4.8 ಕೋಟಿ ವರ್ಷದ ಒಳಗೆ. ರಷ್ಯಾದ ಕಲಿನಿನ್‌ಗ್ರಾಡ್ ಪ್ರದೇಶದ ಯಂತಾರ್ನಿ ಎಂಬಲ್ಲಿನ ತೆರೆದ ಗಣಿಯಲ್ಲಿ ನೀಲಿ ಮಣ್ಣು ಎಂದು ಕರೆಯುವ ಪದರದಿಂದ ಇದನ್ನು ತೆಗೆಯುತ್ತಾರೆ. ಪೋಲೆಂಡ್, ಲಿಥುವೇನಿಯಾ ಕಡಲತೀರಕ್ಕೆ ಬಿರುಗಾಳಿಯ ನಂತರ ಕೊಚ್ಚಿಕೊಂಡು ಬರುತ್ತದೆ. ಇದರಲ್ಲಿ 3ರಿಂದ 8 ಶೇಕಡಾ ಸಕ್ಸಿನಿಕ್ ಆಮ್ಲ ಇರುತ್ತದೆ. ಲ್ಯಾಬಿನಲ್ಲಿ ಇನ್‌ಫ್ರಾರೆಡ್ ಪರೀಕ್ಷೆ ಮಾಡಿದರೆ ಗೆರೆಯ ನಕ್ಷೆಯಲ್ಲಿ (ಗ್ರಾಫ್) ಬಾಲ್ಟಿಕ್ ಭುಜ ಅಂತ ಕರೆಯುವ ಒಂದು ಚಪ್ಪಟೆ ಭಾಗ ಕಾಣುತ್ತದೆ. ಬಾಲ್ಟಿಕ್ ಅಂತ ಬರೆದುಕೊಡಲು ಲ್ಯಾಬ್ ನೆಚ್ಚಿಕೊಳ್ಳುವುದು ಇದನ್ನೇ. ಆದರೆ ಉಕ್ರೇನಿನ ರಿವ್ನೆ ಪ್ರದೇಶದ ಅಂಬರಿನ ನಕ್ಷೆಯೂ ಬಹುತೇಕ ಹಾಗೇ ಇರುತ್ತದೆ. ಅಂದರೆ ಸರ್ಟಿಫಿಕೇಟಿನಲ್ಲಿ ಬಾಲ್ಟಿಕ್ ಅಂತಿದ್ದರೆ ಅದು ಅಂಬರಿನ ಜಾತಿಯನ್ನು ಹೇಳುತ್ತದೆ, ನಿಮ್ಮ ಮಣಿ ಯಾವ ದಡದ್ದು ಅಂತ ಹೇಳುವುದಿಲ್ಲ.

ಡೊಮಿನಿಕನ್ ಗಣರಾಜ್ಯದ ಅಂಬರ್ ಎಳೆಯದು, ಸುಮಾರು 1.5ರಿಂದ 2 ಕೋಟಿ ವರ್ಷ. ಹೈಮೆನಿಯಾ ಎಂಬ ಕುಲದ, ಈಗ ಅಳಿದುಹೋದ ಒಂದು ಜಾತಿಯ ಮರದ್ದು. ಇಲ್ಲಿ ಪಾರದರ್ಶಕ ತುಂಡುಗಳೇ ಜಾಸ್ತಿ, ಹುಳುಗಳೂ ಜಾಸ್ತಿ. ನೀಲಿಗೆ ಹೆಸರಾದದ್ದು ಈ ದೇಶವೇ. ಮೆಕ್ಸಿಕೋದ ಚಿಯಾಪಾಸಿನಲ್ಲಿ, ಮುಖ್ಯವಾಗಿ ಸಿಮೊಹೊವೆಲ್ ಸುತ್ತ, ಇದೇ ಕುಲದ ಮರದ ಅಂಬರ್ ಸಿಗುತ್ತದೆ. ಹಳದಿ, ಹಸಿರು ಮಿಂಚಿನ ಹಳದಿ, ಹೊರಪದರದಲ್ಲಿ ಸಹಜ ಕೆಂಪು. ನೀಲಿಗೆ ಇಂಡೋನೇಷ್ಯಾದ ಸುಮಾತ್ರಾವೂ ಈಗ ದೊಡ್ಡ ಮೂಲ. ಅಲ್ಲಿನದು ಹೆಚ್ಚಾಗಿ ಕಡು ಕಂದು, ಕಲ್ಲಿದ್ದಲಿನ ಪದರಗಳಲ್ಲಿ ಸಿಗುತ್ತದೆ, ದೊಡ್ಡ ಗಟ್ಟಿಗಳು ಬರುತ್ತವೆ. ನೀಲಿಗೆ ಡೊಮಿನಿಕನ್ ಬೆಲೆ ಕೇಳಿದರೆ ಲ್ಯಾಬ್ ವರದಿ ಕೇಳಿ, ಇವೆರಡೂ ಬೇರೆ ಬೇರೆ ಮರದ ರಾಳ, ರಾಸಾಯನಿಕವಾಗಿ ಗುರುತಿಸಬಹುದು.

ಬರ್ಮಾ ಅಂಬರ್ ಮ್ಯಾನ್ಮಾರಿನ ಕಚಿನ್ ರಾಜ್ಯದ ಹುಕಾಂಗ್ ಕಣಿವೆಯದು, ಸುಮಾರು 9.9 ಕೋಟಿ ವರ್ಷ, ಡೈನೋಸಾರ್ ಕಾಲದ್ದು. ಉಳಿದವಕ್ಕಿಂತ ತುಸು ಗಟ್ಟಿ. ಕೆಂಪುಗಂದು ಬಣ್ಣ ಜಾಸ್ತಿ, ಬಿರುಕುಗಳಲ್ಲಿ ಬಿಳಿ ಕ್ಯಾಲ್ಸೈಟ್ ಗೆರೆ. 2016ರಲ್ಲಿ ಗರಿಯಿರುವ ಡೈನೋಸಾರ್ ಬಾಲದ ತುಂಡು ವರದಿಯಾದದ್ದು ಇದರಲ್ಲೇ. ಆದರೆ ಅಲ್ಲಿ ಗಣಿಯ ಸುತ್ತ ಸಶಸ್ತ್ರ ಸಂಘರ್ಷ ಇದೆ. ಈ ಕಾರಣಕ್ಕೆ ಹಲವು ಪಳೆಯುಳಿಕೆ ವಿಜ್ಞಾನಿಗಳೇ ಅದನ್ನು ಕೊಂಡು ಅಧ್ಯಯನ ಮಾಡುವುದನ್ನು ನಿಲ್ಲಿಸಿದ್ದಾರೆ. ಯಾವಾಗ ಹೊರಬಂದ ಸರಕು ಅಂತ ಕಾಗದಪತ್ರ ಇಲ್ಲದಿದ್ದರೆ ಕೊಳ್ಳಬೇಡಿ ಅಂತಲೇ ನಾನು ಹೇಳುವುದು.

ಚೀನಾದ ಫುಶುನ್, ಸಿಸಿಲಿ, ರೊಮೇನಿಯಾ, ಲೆಬನಾನ್ ಅಂಬರುಗಳೂ ಇವೆ, ಅಂಗಡಿಯಲ್ಲಿ ಕಾಣುವುದು ಕಡಿಮೆ. ಗುಜರಾತಿನ ಲಿಗ್ನೈಟ್ ಗಣಿಯಲ್ಲಿ ಸಿಕ್ಕಿದ, 5 ಕೋಟಿ ವರ್ಷಕ್ಕೂ ಹಳೆಯ ಅಂಬರ್ ಮಾತ್ರ ಹೇಳಲೇಬೇಕಾದದ್ದು. ಅಷ್ಟು ಹಳೆಯದಾದರೂ ದ್ರಾವಕದಲ್ಲಿ ಕರಗುತ್ತದೆ, ವಿಜ್ಞಾನಿಗಳು ಕರಗಿಸಿಯೇ ಒಳಗಿನ ಹುಳುಗಳನ್ನು ಹೊರತೆಗೆದಿದ್ದಾರೆ. ವಯಸ್ಸಿನ ಜೊತೆ ಮರದ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಇದು ಆಭರಣಕ್ಕೆ ಬರುವ ಸರಕಲ್ಲ, ಹಾಗಾಗಿ ಅಸಿಟೋನ್ ಪರೀಕ್ಷೆಗೆ ಇದರಿಂದ ತೊಂದರೆ ಇಲ್ಲ.

ಕೇಳಬೇಕಾದ್ದು, ಇಟ್ಟುಕೊಳ್ಳುವುದು

ಮಾರುವವರನ್ನು ಸುಮ್ನೆ ಅಸಲಿಯಾ ಅಂತ ಕೇಳಬೇಡಿ. ಸಹಜವೋ, ಕಾಯಿಸಿದ್ದೋ, ಒತ್ತಿದ್ದೋ, ಪದರ ಅಂಟಿಸಿದ್ದೋ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿರುವ ಅಂತಾರಾಷ್ಟ್ರೀಯ ಅಂಬರ್ ಸಂಘ ಬಾಲ್ಟಿಕ್ ಅಂಬರನ್ನು ಇದೇ ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ, ಹಾಗಾಗಿ ತಿಳಿದ ವ್ಯಾಪಾರಿಗೆ ಪ್ರಶ್ನೆ ಹೊಸದಲ್ಲ. ಕಾಯಿಸಿದ್ದನ್ನು ಕೊಳ್ಳಬಾರದು ಅಂತ ಇಲ್ಲ. ಬೆಲೆ ಅದಕ್ಕೆ ತಕ್ಕ ಹಾಗಿರಬೇಕು ಅಷ್ಟೇ.

ಒಂದು ಮಾತು ಖಂಡಿತ ಹೇಳಬೇಕು. ಹಲ್ಲು ಬರುವ ಮಗುವಿಗೆ ಬಾಲ್ಟಿಕ್ ಸರ ಹಾಕಿದರೆ ನೋವು ಹೋಗುತ್ತದೆ ಅಂತ ಮಾರುತ್ತಾರೆ. ಹಾಕಬೇಡಿ. ಮೈಬಿಸಿಗೆ ಸಕ್ಸಿನಿಕ್ ಆಮ್ಲ ಹೊರಬಂದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಕತ್ತು ಬಿಗಿಯುವ, ಮಣಿ ಗಂಟಲಲ್ಲಿ ಸಿಕ್ಕುವ ಅಪಾಯ ನಿಜವಾದದ್ದು. ಮಗು ಸತ್ತ ಘಟನೆಯ ನಂತರ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2018ರಲ್ಲಿ ಇಂಥ ಸರಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು.

ಅಂಬರಿನ ಗಡಸುತನ ಮೊಹ್ಸ್ ಅಳತೆಯಲ್ಲಿ ಬರೀ 2ರಿಂದ 2.5, ಅಂದರೆ ಹೆಚ್ಚುಕಡಿಮೆ ಉಗುರಿನಷ್ಟು. ಉಳಿದ ಆಭರಣದ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ, ಗೀರು ಬೀಳುತ್ತದೆ. ಸೆಂಟು, ಹೇರ್ ಸ್ಪ್ರೇ ಹಾಕಿಕೊಂಡು ಆರಿದ ಮೇಲೆ ಸರ ಹಾಕಿಕೊಳ್ಳಿ. ಉಗುರುಬೆಚ್ಚನೆಯ ನೀರು, ಮೆದು ಸೋಪು, ಹತ್ತಿ ಬಟ್ಟೆ ಸಾಕು. ಅಲ್ಟ್ರಾಸೋನಿಕ್ ಯಂತ್ರದಲ್ಲಿ, ಹಬೆಯಲ್ಲಿ ತೊಳೆಯಲು ಕೊಡಬೇಡಿ. ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ, ಬಣ್ಣ ಬೇಗ ಕಪ್ಪಾಗುತ್ತದೆ, ಬಿರುಕೂ ಬಿಡಬಹುದು. ಕೊಂಡ ದಿನವೇ ಹಗಲು ಬೆಳಕಿನಲ್ಲಿ ಒಂದು, ಯುವಿ ಟಾರ್ಚಿನಲ್ಲಿ ಒಂದು ಫೋಟೋ ತೆಗೆದು, ಗ್ರಾಂ ತೂಕದ ಜೊತೆ ಬಿಲ್ಲಿನೊಂದಿಗೆ ಇಡಿ. ವರ್ಷಗಳ ನಂತರ ಬಣ್ಣ ಎಷ್ಟು ಬದಲಾಯಿತು ಅಂತ ನೋಡಲೂ ಬೇಕು, ರಿಪೇರಿಗೆ ಕೊಟ್ಟ ಮಣಿಯೇ ವಾಪಸ್ ಬಂತೇ ಅಂತ ನೋಡಲೂ ಬೇಕು.